ಹಿಂದಿನ ಸಾಲಿಗೆ ಭಾಷಣ ಯಾಕೆ ಎರಡೆರಡು ಸಲ ಕೇಳುತ್ತೆ?

ಸಮಾವೇಶಗಳ ವರದಿಗೆ ಹೋದಾಗ ನಾನು ನಿಲ್ಲೋದು ಹಿಂದಿನ ಸಾಲಲ್ಲಿ. ಅಲ್ಲಿ ಎಷ್ಟೋ ಸಲ ಒಂದೇ ಮಾತು ಎರಡೆರಡು ಬಾರಿ ಕೇಳುತ್ತೆ. ಕಾರಣ ಸರಳ. ತಂತಿಯಲ್ಲಿ ಸಿಗ್ನಲ್ ಕಣ್ಮುಚ್ಚಿ ತೆರೆಯೋದರೊಳಗೆ ತಲುಪುತ್ತೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್ ಅಷ್ಟೆ. ವೇದಿಕೆಯಿಂದ 70 ಮೀಟರ್ ಹಿಂದೆ ನಿಂತವರಿಗೆ ಪಕ್ಕದ ಸ್ಪೀಕರ್ ಮೊದಲು ಕೇಳುತ್ತೆ, ವೇದಿಕೆಯದು ಸುಮಾರು 200 ಮಿಲಿಸೆಕೆಂಡ್ ತಡವಾಗಿ. ವಾಲ್ಯೂಮ್ ಏರಿಸಿದರೆ ಗದ್ದಲ ಹೆಚ್ಚುತ್ತೆ, ಮಾತು ತಿಳಿಯಾಗಲ್ಲ.

ಡಿಜಿಟಲ್ ಮಿಕ್ಸರ್‌ನಲ್ಲಿ ಹಿಂದಿನ ಸ್ಪೀಕರ್‌ಗೆ ಅಷ್ಟೇ ಡಿಲೇ ಕೊಡಬೇಕು. ಜೊತೆಗೆ 10–15 ಮಿಲಿಸೆಕೆಂಡ್ ಸೇರಿಸಿದರೆ ಧ್ವನಿ ವೇದಿಕೆಯಿಂದಲೇ ಬಂದಂತಿರುತ್ತೆ, ಯಾಕಂದ್ರೆ ಮೊದಲು ಬಂದ ಶಬ್ದದ ದಿಕ್ಕನ್ನೇ ಕಿವಿ ನಂಬುತ್ತೆ.

ಹಿಂದೆ ನಿಂತವರನ್ನು ಬರೀ ತಲೆಲೆಕ್ಕಕ್ಕೆ ಕರೆದಿಲ್ಲ ಅನ್ನೋದಾದರೆ, ಮೈಕ್ ಹಿಡಿಯೋ ಮುಂಚೆ ಆಯೋಜಕರು ಟೇಪ್ ಹಿಡಿದು ದೂರ ಅಳೆಯಲಿ.