ಮೂಕ ಬಸುರಿಯ ಆರೈಕೆ

ಹಳ್ಳಿಯ ಮನೆಗಳಲ್ಲಿ ನಾಯಿ ಮರಿ ಹಾಕುವುದು ಯಾರ ಗಮನವನ್ನೂ ಸೆಳೆಯುವ ಸಂಗತಿಯಾಗಿರಲಿಲ್ಲ. ಒಂದು ದಿನ ಅದು ಅಂಗಳದಿಂದ ಮಾಯವಾಗುತ್ತಿತ್ತು. ಎರಡು ದಿನ ಕಳೆದ ಮೇಲೆ ಹುಲ್ಲಿನ ಬಣವೆಯ ಮಗ್ಗುಲಲ್ಲೋ ಕೊಟ್ಟಿಗೆಯ ಮೂಲೆಯಲ್ಲೋ ಕುಂಯ್ ಕುಂಯ್ ಎಂಬ ದನಿ ಕೇಳಿಬರುತ್ತಿತ್ತು. ಮಕ್ಕಳು ಓಡಿಹೋಗಿ ಮರಿಗಳನ್ನು ಎಣಿಸಿ ಬರುತ್ತಿದ್ದರು. ಮನೆಯ ಅಜ್ಜಿ ಒಂದು ಕರಟ ಗಂಜಿ ಇಟ್ಟು ಬಂದರೆ ಅಲ್ಲಿಗೆ ಬಾಣಂತನ ಮುಗಿಯಿತು. ಉಳಿದ ಮರಿ ಉಳಿಯಿತು, ಸತ್ತದ್ದು ಸತ್ತಿತು, ಲೆಕ್ಕವಿಟ್ಟವರಿಲ್ಲ.

ಮುಂಬಯಿಯ ಮೂರನೆಯ ಮಹಡಿಯ ಬಿಡಾರದಲ್ಲಿ ಬಣವೆಯೂ ಇಲ್ಲ, ಕೊಟ್ಟಿಗೆಯೂ ಇಲ್ಲ. ಅಲ್ಲಿ ಬೆಳೆದ ನಾಯಿ ತಿನ್ನುವುದು, ಮಲಗುವುದು, ಹೊರಗೆ ಹೋಗುವುದು ಎಲ್ಲವೂ ಮನೆಯವರ ಕೈಯಲ್ಲಿದೆ. ನೋವನ್ನು ಹೇಳಿಕೊಳ್ಳಲು ಅದಕ್ಕೆ ಬಾಯಿಲ್ಲ; ತನಗೆ ಬೇಕಾದ ಮೂಲೆಯನ್ನು ಹುಡುಕಿಕೊಂಡು ಹೋಗಲು ಜಾಗವಿಲ್ಲ. ಆದುದರಿಂದ ಅದರ ಬಸಿರಿನ ಹೊಣೆಯೂ ಮನೆಯವರದೇ ಆಗುತ್ತದೆ. ಈ ಹೊಣೆಯನ್ನು ಪ್ರೀತಿಯಿಂದ ಹೊರುವವರು ಅನೇಕರು. ಆದರೆ ತಿಳಿವಳಿಕೆಯಿಲ್ಲದ ಪ್ರೀತಿ ಕೆಲವೊಮ್ಮೆ ಅಲಕ್ಷ್ಯದಷ್ಟೇ ಕೇಡು ಮಾಡಬಲ್ಲುದು.

ದಿನಗಳ ಲೆಕ್ಕ

ನಾಯಿಯ ಗರ್ಭಾವಧಿ ಸುಮಾರು 63 ದಿನ, ಅಂದರೆ ಒಂಬತ್ತು ವಾರ. ಗಂಡಿನೊಡನೆ ಕೂಡಿದ ದಿನದಿಂದ ಎಣಿಸಿದರೆ 58ರಿಂದ 68 ದಿನಗಳವರೆಗೆ ಹಿಂದುಮುಂದಾಗುವುದುಂಟು. ಕೂಡಿದ ದಿನವೇ ಗರ್ಭ ನಿಲ್ಲಬೇಕೆಂಬ ನಿಯಮವಿಲ್ಲ. ಆ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವುದು ಆರೈಕೆಯ ಮೊದಲ ಕೆಲಸ.

ಹೊಟ್ಟೆ ಉಬ್ಬಿ ಮೊಲೆ ತುಂಬಿದ ಮಾತ್ರಕ್ಕೆ ನಾಯಿ ಗರ್ಭ ಧರಿಸಿದೆ ಎನ್ನಲಾಗದು. ಗಂಡನ್ನು ಕೂಡದ ನಾಯಿಯಲ್ಲಿಯೂ ಬೆದೆ ಕಳೆದ ಕೆಲವು ವಾರಗಳ ಮೇಲೆ ಇವೇ ಚಿಹ್ನೆಗಳು ಕಾಣಿಸಿಕೊಳ್ಳುತ್ತವೆ. ಹಾಲು ಕೂಡ ಬರಬಹುದು. ಇದು ಹುಸಿಬಸಿರು. ನಾಲ್ಕನೆಯ ವಾರದ ಹೊತ್ತಿಗೆ ಪಶುವೈದ್ಯರು ಅಲ್ಟ್ರಾಸೌಂಡ್ ಪರೀಕ್ಷೆಯಿಂದ ನಿಜವನ್ನು ತಿಳಿಸಬಲ್ಲರು. 55ನೆಯ ದಿನ ಕಳೆದ ಮೇಲೆ ತೆಗೆಸಿದ ಎಕ್ಸ್‌ರೇಯಲ್ಲಿ ಮರಿಗಳ ಎಲುಬು ಸ್ಪಷ್ಟವಾಗಿ ಕಾಣುವುದರಿಂದ ಮರಿಗಳನ್ನು ಎಣಿಸಬಹುದು. ಈ ಎಣಿಕೆ ಬರಿಯ ಕುತೂಹಲಕ್ಕಲ್ಲ. ಐದು ಮರಿಗಳಿವೆ ಎಂದು ಗೊತ್ತಿದ್ದು, ನಾಲ್ಕೇ ಹುಟ್ಟಿ ತಾಯಿ ಸುಮ್ಮನಾದರೆ, ಒಂದು ಒಳಗೇ ಉಳಿದಿದೆ ಎಂಬ ಎಚ್ಚರ ಆಗಲೇ ಮೂಡುತ್ತದೆ.

ಊಟ ಉಪಚಾರ

ಬಸಿರೆಂದು ತಿಳಿದ ದಿನದಿಂದಲೇ ಎರಡರಷ್ಟು ಬಡಿಸುವುದು ಸಾಮಾನ್ಯವಾದ ತಪ್ಪು. ಮೊದಲ ಐದು ವಾರ ಎಂದಿನ ಪ್ರಮಾಣದ ಒಳ್ಳೆಯ ಆಹಾರವೇ ಸಾಕು. ಮೂರನೆಯ ನಾಲ್ಕನೆಯ ವಾರಗಳಲ್ಲಿ ಕೆಲವು ನಾಯಿಗಳು ಒಂದೆರಡು ದಿನ ಊಟವನ್ನು ಮೂಸಿ ಬಿಡುವುದುಂಟು, ಅದಕ್ಕೆ ಗಾಬರಿಪಡಬೇಕಾಗಿಲ್ಲ. ಮರಿಗಳ ತೂಕ ಬಹುಪಾಲು ಹೆಚ್ಚುವುದು ಕಡೆಯ ಮೂರು ವಾರಗಳಲ್ಲಿ. ಆದಕಾರಣ ಆರನೆಯ ವಾರದಿಂದ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ, ಹೆರಿಗೆಯ ಹೊತ್ತಿಗೆ ಎಂದಿನ ಪ್ರಮಾಣಕ್ಕಿಂತ ಕಾಲು ಭಾಗದಿಂದ ಅರ್ಧ ಭಾಗದವರೆಗೆ ಹೆಚ್ಚಿಸಬೇಕು. ತುಂಬಿದ ಗರ್ಭ ಹೊಟ್ಟೆಯನ್ನು ಒತ್ತುವುದರಿಂದ ಒಮ್ಮೆಲೇ ಹೆಚ್ಚು ತಿನ್ನಲಾಗದು. ಅದೇ ಆಹಾರವನ್ನು ದಿನಕ್ಕೆ ಮೂರು ನಾಲ್ಕು ಸಲ ಹಂಚಿ ಕೊಡಬೇಕು. ಕುಡಿಯುವ ನೀರು ಸದಾ ಹತ್ತಿರವಿರಬೇಕು.

ಕನ್ನಡಿಗರ ಅನೇಕ ಮನೆಗಳಲ್ಲಿ ನಾಯಿ ಮೊಸರನ್ನದಿಂದಲೇ ಬೆಳೆದಿರುತ್ತದೆ. ಗರ್ಭದ ಕಡೆಯ ವಾರಗಳಿಗೆ ಬರಿಯ ಮೊಸರನ್ನದ ಶಕ್ತಿ ಸಾಲದು. ಬೇಯಿಸಿದ ಮೊಟ್ಟೆ, ಕೋಳಿಮಾಂಸ ಸಲ್ಲುವ ಮನೆಗಳಲ್ಲಿ ಅವನ್ನು ಸೇರಿಸಬಹುದು. ಸಲ್ಲದ ಮನೆಗಳಲ್ಲಿ, ಬೆಳೆಯುವ ಮರಿಗಳಿಗೆಂದು ತಯಾರಾಗಿ ಪೊಟ್ಟಣಗಳಲ್ಲಿ ದೊರೆಯುವ ಸಮತೋಲ ಆಹಾರವನ್ನು ವೈದ್ಯರನ್ನು ಕೇಳಿ ಆರಿಸುವುದು ಲೇಸು; ಬಸುರಿಯಾದ ತಾಯಿಗೂ ಅದು ಒಗ್ಗುತ್ತದೆ. ಹೊಸ ಆಹಾರಕ್ಕೆ ನಾಲ್ಕಾರು ದಿನಗಳಲ್ಲಿ ಮೆಲ್ಲನೆ ಹೊರಳಿಸಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಬಸುರಿ ಬಾಣಂತಿಯರಿಗೆ ಅಕ್ಕರೆಯಿಂದ ಕೊಡುವುದನ್ನೆಲ್ಲ ನಾಯಿಗೂ ಕೊಡಬೇಕೆಂದು ಹಿರಿಯರ ಮನಸ್ಸು ತುಡಿಯುವುದು ಸಹಜ. ಆದರೆ ಅಂಟಿನುಂಡೆಯಲ್ಲಿ ಸೇರುವ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಗಳಿಗೆ ವಿಷ. ಬಾಣಂತಿಗೆ ಹಿತವೆನ್ನುವ ಬೆಳ್ಳುಳ್ಳಿಯೂ ಈರುಳ್ಳಿಯೂ ಅದರ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ. ಚಾಕೊಲೇಟ್ ಕೂಡ ವರ್ಜ್ಯ. ಮನುಷ್ಯರ ಪಥ್ಯ ಬೇರೆ, ನಾಯಿಯ ಪಥ್ಯ ಬೇರೆ.

ಸುಣ್ಣಾಂಶದ ಮೋಸ

ಪ್ರೀತಿಯಿಂದಾಗುವ ತಪ್ಪುಗಳಲ್ಲಿ ಅತಿ ಅಪಾಯಕರವಾದುದು ಕ್ಯಾಲ್ಸಿಯಂ ಟಾನಿಕ್. ಮರಿಗಳ ಎಲುಬು ಗಟ್ಟಿಯಾಗಲೆಂದು ಗರ್ಭಕಾಲದುದ್ದಕ್ಕೂ ಅದನ್ನು ಕುಡಿಸುವವರಿದ್ದಾರೆ. ಹೊರಗಿನಿಂದ ಧಾರಾಳವಾಗಿ ಬರುತ್ತಿರುವಾಗ ಎಲುಬಿನಲ್ಲಿ ಕೂಡಿಟ್ಟ ಸುಣ್ಣಾಂಶವನ್ನು ಹೊರತೆಗೆಯುವ ಅಭ್ಯಾಸವನ್ನು ದೇಹ ಮರೆಯುತ್ತದೆ. ಆ ಕೆಲಸ ನಡೆಸುವ, ಕುತ್ತಿಗೆಯಲ್ಲಿರುವ ಪುಟ್ಟ ಗ್ರಂಥಿಗಳು ಮಂದವಾಗುತ್ತವೆ. ಹೆರಿಗೆಯಾಗಿ ಮರಿಗಳು ಹಾಲು ಹೀರತೊಡಗಿದಾಗ ರಕ್ತದ ಸುಣ್ಣಾಂಶ ತಟ್ಟನೆ ಇಳಿದು, ತಾಯಿ ಏದುಸಿರು ಬಿಡುತ್ತ, ಕಾಲು ಸೆಟೆದು, ನಡುಗುತ್ತ ಬೀಳುತ್ತದೆ. ಹಸು ಸಾಕಿದವರು ಹಾಲುಜ್ವರವನ್ನು ಬಲ್ಲರು; ಇದೂ ಸುಣ್ಣಾಂಶದ ಕೊರತೆಯಿಂದ ಬರುವ ಅದರ ನಂಟಿನ ಕಾಯಿಲೆಯೇ. ಹೆರಿಗೆಯಾದ ಮೊದಲ ನಾಲ್ಕು ವಾರಗಳಲ್ಲಿ, ಅದರಲ್ಲೂ ಪಾಮರೇನಿಯನ್‌ನಂಥ ಚಿಕ್ಕ ತಳಿಗಳಲ್ಲಿ, ಇದು ಹೆಚ್ಚು. ಕೂಡಲೇ ಚಿಕಿತ್ಸೆ ದೊರೆಯದಿದ್ದರೆ ಪ್ರಾಣಕ್ಕೇ ಅಪಾಯ. ಸಮತೋಲ ಆಹಾರ ತಿನ್ನುವ ನಾಯಿಗೆ, ವೈದ್ಯರು ಹೇಳದೆ, ಬಸಿರಿನಲ್ಲಿ ಟಾನಿಕ್ ಸಲ್ಲದು.

ಔಷಧ, ಜಂತು, ನಡಿಗೆ

ಮನೆಯಲ್ಲಿರುವ ಯಾವ ಮಾತ್ರೆಯನ್ನೂ ಬಸುರಿ ನಾಯಿಗೆ ಸ್ವಂತ ಬುದ್ಧಿಯಿಂದ ಕೊಡಬಾರದು. ಲಸಿಕೆಗಳನ್ನು ಗರ್ಭ ಧರಿಸುವ ಮುನ್ನವೇ ಮುಗಿಸಿರುವುದು ಉತ್ತಮ. ಜಂತುಹುಳುವಿನ ವಿಚಾರ ವಿಶೇಷವಾದುದು. ತಾಯಿಯ ಮೈಯಲ್ಲಿ ನಿದ್ರಿಸುತ್ತಿದ್ದ ದುಂಡುಹುಳುವಿನ ಮರಿಗಳು ಸುಮಾರು 40ನೆಯ ದಿನದ ಬಳಿಕ ಎಚ್ಚೆತ್ತು, ಗರ್ಭದೊಳಗಿನ ನಾಯಿಮರಿಗಳನ್ನು ಸೇರುತ್ತವೆ. ಮರಿಗಳು ಹುಟ್ಟುವಾಗಲೇ ಹುಳು ಹೊತ್ತು ಬರುತ್ತವೆ. ಇದೇ ಹುಳು ಮನೆಯ ಎಳೆಯ ಮಕ್ಕಳಿಗೂ ತಗುಲಿ, ಅಪರೂಪವಾಗಿ ಕಣ್ಣಿಗೂ ಕೇಡು ತರಬಲ್ಲುದು. ಬಸಿರಿನ ಕಡೆಯ ಭಾಗದಲ್ಲಿ ಕೊಡಬಹುದಾದ ಔಷಧವಿದೆ. ಅದನ್ನು ವೈದ್ಯರೇ ಗೊತ್ತುಮಾಡಬೇಕು.

ನಾಯಿಯನ್ನು ಕಟ್ಟಿಹಾಕಿ ಮಲಗಿಸುವುದೂ ಸಲ್ಲದು. ಬೆಳಿಗ್ಗೆ ಸಂಜೆ ಬಿಸಿಲಿಲ್ಲದ ವೇಳೆ ಮೆಲುನಡಿಗೆ ಸ್ನಾಯುಗಳಿಗೆ ಹಿತ. ಕಡೆಯ ವಾರಗಳಲ್ಲಿ ಜಿಗಿತ ಬೇಡ; ಲಿಫ್ಟಿಲ್ಲದ ಕಟ್ಟಡದಲ್ಲಿ ಮೆಟ್ಟಿಲುಗಳನ್ನು ನಿಧಾನವಾಗಿ ಹತ್ತಿಳಿಸಬೇಕು. ಹೆರಿಗೆಗೆ ಮುಂಚಿನ ಮೂರು ವಾರ ಮತ್ತು ಅನಂತರದ ಮೂರು ವಾರ ಹೊರಗಿನ ನಾಯಿಗಳ ಸಂಪರ್ಕ ತಪ್ಪಿಸಬೇಕು. ದೊಡ್ಡ ನಾಯಿಗೆ ನೆಗಡಿಯಷ್ಟೇ ಎನ್ನಿಸುವ ಒಂದು ವೈರಸ್ ಸೋಂಕು ಹಸುಗೂಸು ಮರಿಗಳನ್ನು ಕೊಲ್ಲಬಲ್ಲುದು.

ಬಾಣಂತಿಯ ಮೂಲೆ

ಹೆರಿಗೆಗೆ ಎರಡು ವಾರ ಮೊದಲೇ ಮನೆಯ ನಿಶ್ಶಬ್ದವಾದ ಮೂಲೆಯಲ್ಲಿ, ನಾಯಿ ಕಾಲು ಚಾಚಿ ಮಲಗುವಷ್ಟು ದೊಡ್ಡದಾದ ಮರದ ಅಥವಾ ರಟ್ಟಿನ ಪೆಟ್ಟಿಗೆ ಸಿದ್ಧವಾಗಬೇಕು. ಮರಿಗಳು ಹೊರಗೆ ಉರುಳದಂತೆ, ತಾಯಿ ದಾಟಿ ಬರುವಂತೆ ಅಂಚು ಇರಬೇಕು. ಕೆಳಗೆ ಹಳೆಯ ಪತ್ರಿಕೆಗಳು, ಮೇಲೆ ಒಗೆದ ಹಳೆಯ ಸೀರೆ, ಪಂಚೆಗಳು. ದೊಡ್ಡ ನಾಯಿಯಾದರೆ, ಮರಿಗಳು ತಾಯಿಯ ಬೆನ್ನಿಗೂ ಗೋಡೆಗೂ ನಡುವೆ ಸಿಕ್ಕಿ ಅಪ್ಪಚ್ಚಿಯಾಗದಂತೆ ಒಳಗೋಡೆಯ ಸುತ್ತ ನಾಲ್ಕು ಅಂಗುಲ ಬಿಟ್ಟು ಒಂದು ಅಡ್ಡಪಟ್ಟಿ ಹೊಡೆಸಬೇಕು. ಹುಟ್ಟಿದ ಮರಿಗಳಿಗೆ ಮೈಕಾವು ಕಾಯ್ದುಕೊಳ್ಳುವ ಶಕ್ತಿಯಿಲ್ಲ. ಮೊದಲ ವಾರ ಸುಮಾರು 30 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ದೆಹಲಿಯ ಚಳಿಗಾಲದಲ್ಲಿ ಇದಕ್ಕೆ ವಿಶೇಷ ಏರ್ಪಾಡು ಅವಶ್ಯ. ಮುಂಬಯಿ, ಚೆನ್ನೈಗಳ ಸೆಕೆಯಲ್ಲಿ ಫ್ಯಾನಿನ ಗಾಳಿ ನೇರವಾಗಿ ಪೆಟ್ಟಿಗೆಗೆ ಬೀಸದಂತೆ ನೋಡಿಕೊಂಡರಾಯಿತು. ನಾಯಿಗೆ ಅಲ್ಲಿ ಮಲಗುವ ರೂಢಿಯನ್ನು ಮೊದಲೇ ಮಾಡಿಸದಿದ್ದರೆ ಅದು ಮನೆಯೊಡತಿಯ ಹಾಸಿಗೆಯನ್ನೇ ಹೆರಿಗೆಕೋಣೆ ಮಾಡಿಕೊಂಡೀತು!

ಥರ್ಮಾಮೀಟರಿನ ಸೂಚನೆ

ಕಡೆಯ ವಾರದಲ್ಲಿ ದಿನಕ್ಕೆ ಎರಡು ಬಾರಿ ಗುದದ್ವಾರದಲ್ಲಿ ಉಷ್ಣತೆ ಅಳೆದು ಬರೆದಿಡಬೇಕು. ನಾಯಿಯ ಸಹಜ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಇದು 99ಕ್ಕಿಂತ ಕೆಳಗಿಳಿದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಹೆರಿಗೆ. ಆಗ ನಾಯಿ ಊಟ ಬಿಟ್ಟು, ಬಟ್ಟೆ ಕೆದರಿ ಗೂಡು ಮಾಡುತ್ತ, ಏದುಸಿರು ಬಿಡುತ್ತ ಅತ್ತಿತ್ತ ಸುತ್ತುತ್ತದೆ. ನೆರೆಹೊರೆಯವರು ನೋಡಲು ಗುಂಪುಗೂಡುವ ಹೊತ್ತು ಅದಲ್ಲ. ಅದಕ್ಕೆ ಪರಿಚಿತರಾದ ಒಬ್ಬರು ಬಳಿಯಲ್ಲಿ ಮೌನವಾಗಿದ್ದರೆ ಸಾಕು.

ಮುಂದಿನ ಸಂದರ್ಭಗಳಲ್ಲಿ ಮಾತ್ರ ತಡಮಾಡಬಾರದು: ಅರ್ಧ ಗಂಟೆ ಬಲವಾಗಿ ಮುಕ್ಕಿದರೂ ಮರಿ ಬಾರದಿರುವುದು, ಒಳಗೆ ಮರಿಗಳಿದ್ದೂ ಎರಡು ಗಂಟೆ ಮೀರಿ ಮುಂದಿನದು ಬಾರದಿರುವುದು, ಮೊದಲ ಮರಿಗೆ ಮುಂಚೆಯೇ ಹಸಿರು ದ್ರವ ಸುರಿಯುವುದು, ಉಷ್ಣತೆ ಇಳಿದು ಒಂದು ದಿನ ಕಳೆದರೂ ಹೆರಿಗೆ ಆರಂಭವಾಗದಿರುವುದು, ದಿನ ತುಂಬಿ ಮೀರುವುದು. ಪಗ್, ಬುಲ್‌ಡಾಗ್ ಮೊದಲಾದ ಚಪ್ಪಟೆ ಮೂಗಿನ ತಳಿಗಳಿಗೆ ಶಸ್ತ್ರಕ್ರಿಯೆಯೇ ಬೇಕಾಗುವುದು ಹೆಚ್ಚು. ಅವುಗಳ ವಿಷಯದಲ್ಲಿ ಮೊದಲೇ ವೈದ್ಯರೊಡನೆ ಮಾತಾಡಿರಬೇಕು.

ಅಪರಾತ್ರಿಯಲ್ಲಿ ವೈದ್ಯರನ್ನು ಹುಡುಕಲು ಹೊರಡುವುದು ಮಹಾನಗರದಲ್ಲಿ ಸುಲಭವಲ್ಲ. ಮುಂಬಯಿಯ ಪರೇಲಿನಲ್ಲಿ 1886ರಲ್ಲಿ ಆರಂಭವಾದ ಪಶುವೈದ್ಯ ಕಾಲೇಜಿದೆ; ಚೆನ್ನೈಯ ವೇಪೇರಿಯಲ್ಲಿ 1903ರಷ್ಟು ಹಳೆಯದಾದ ಕಾಲೇಜಿದೆ. ಯಾವ ಊರಿನಲ್ಲಿದ್ದರೂ, ರಾತ್ರಿ ಬಾಗಿಲು ತೆರೆಯುವ ಪಶುಚಿಕಿತ್ಸಾಲಯ ಯಾವುದು, ಅಲ್ಲಿಗೆ ನಾಯಿಯನ್ನು ಕರೆದೊಯ್ಯಲು ಒಪ್ಪುವ ವಾಹನ ಯಾರದು ಎಂಬುದನ್ನು ಒಂದು ವಾರ ಮೊದಲೇ ವಿಚಾರಿಸಿ, ಟೆಲಿಫೋನ್ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಬೇಕು.

ಕಡೆಯದೊಂದು ಸಿದ್ಧತೆ

ಮರಿಗಳು ಹುಟ್ಟುವ ಮೊದಲೇ ಅವುಗಳಿಗೆ ಮನೆ ಗೊತ್ತುಮಾಡುವುದು ಸಿದ್ಧತೆಯ ಕೊನೆಯ ಹಂತ. ಎಂಟು ವಾರ ತುಂಬುವ ತನಕ ಮರಿಗಳನ್ನು ತಾಯಿಯಿಂದ ಅಗಲಿಸಬಾರದು. ಎಂಟು ವಾರ ಕಳೆದು ಆರು ಮರಿಗಳು ಎರಡು ಕೋಣೆಗಳ ಬಿಡಾರದಲ್ಲಿ ಓಡಾಡತೊಡಗಿದಾಗ ಮನೆ ಹುಡುಕಹೊರಟರೆ, ಅವುಗಳಲ್ಲಿ ಒಂದೆರಡು ಬೀದಿಯ ಪಾಲಾಗುತ್ತವೆ. ಮುಂದೆ ಮರಿಗಳು ಬೇಡವೆನ್ನುವವರು, ತಾಯಿ ಹಾಲು ಬಿಡಿಸಿದ ಮೇಲೆ ಸಂತಾನಹರಣ ಚಿಕಿತ್ಸೆ ಮಾಡಿಸುವುದು ಕ್ಷೇಮ. ಗರ್ಭಕೋಶದಲ್ಲಿ ಕೀವು ತುಂಬುವ ಮಾರಕ ರೋಗವೂ ಅದರಿಂದ ತಪ್ಪುತ್ತದೆ.

ಹಳ್ಳಿಯ ನಾಯಿಗೆ ಬಣವೆಯ ಮರೆ ಇತ್ತು. ನಗರದ ನಾಯಿಗೆ ಮನೆಯವರ ಎಚ್ಚರವೇ ಆ ಮರೆ. ಒಂಬತ್ತು ವಾರಗಳ ಆ ಎಚ್ಚರಕ್ಕೆ ಖರ್ಚು ಕಡಿಮೆ, ಫಲ ದೊಡ್ಡದು: ಬೆಳಗಿನ ಜಾವ ಪೆಟ್ಟಿಗೆಯಲ್ಲಿ ಬಾಲವಾಡಿಸುತ್ತ ಮಲಗಿದ ತಾಯಿ, ಅದರ ಮಡಿಲಲ್ಲಿ ಕಣ್ಣು ತೆರೆಯದ, ಹಾಲಿಗಾಗಿ ತಡಕಾಡುವ ಜೀವಗಳು.