ಧ್ವನಿ ಪರಿಣಾಮ ಸಾಧನಗಳಲ್ಲಿ ಅನಲಾಗ್-ಡಿಜಿಟಲ್ ಪರಿವರ್ತನೆ ಮತ್ತು ಸರಣಿ ಸಂವಹನ

ಧ್ವನಿ ಪರಿಣಾಮ ಸಾಧನವೆಂದರೆ ಗಿಟಾರ್, ಕೀಬೋರ್ಡ್ ಅಥವಾ ಮೈಕ್ರೊಫೋನ್‌ನಿಂದ ಬರುವ ಸಂಕೇತಕ್ಕೆ ಪ್ರತಿಧ್ವನಿ, ಅನುರಣನ, ಕೋರಸ್, ಡಿಸ್ಟಾರ್ಷನ್ ಮೊದಲಾದ ಗುಣಗಳನ್ನು ಸೇರಿಸುವ ಉಪಕರಣ. ಡಿಜಿಟಲ್ ಬಗೆಯ ಸಾಧನದಲ್ಲಿ ಧ್ವನಿಯ ವಿದ್ಯುತ್ ಅಲೆಯು ಮೊದಲು ಸಂಖ್ಯೆಗಳಾಗಿ ಮಾರ್ಪಟ್ಟು, ಪ್ರೊಸೆಸರ್‌ನಲ್ಲಿ ಲೆಕ್ಕಾಚಾರಕ್ಕೆ ಒಳಗಾಗಿ, ಕೊನೆಗೆ ಮತ್ತೆ ಅಲೆಯಾಗಿ ಹೊರಬರುತ್ತದೆ. ಈ ಸಂಖ್ಯೆಗಳು ನಿಖರವಾಗಿದ್ದರಷ್ಟೇ ಸಾಲದು, ನಿಯತ ಕಾಲಕ್ಕೆ ತಲುಪಲೂಬೇಕು. 1971ರ ಲೆಕ್ಸಿಕಾನ್ ಡೆಲ್ಟಾ ಟಿ-101 ವಿಳಂಬಕವೂ 1976ರ ಇಎಂಟಿ 250 ಅನುರಣಕವೂ ಈ ವರ್ಗದ ಆರಂಭಿಕ ಸಾಧನಗಳು.

ಮಾದರಿ ಸಂಗ್ರಹ

ಅನಲಾಗ್-ಡಿಜಿಟಲ್ ಪರಿವರ್ತಕವು (ಎಡಿಸಿ) ಅಲೆಯ ವೋಲ್ಟೇಜನ್ನು ಸಮಾನ ಅಂತರದಲ್ಲಿ ಅಳೆದು ಸಂಖ್ಯೆಯಾಗಿ ಬರೆದಿಡುತ್ತದೆ. ದರವು 48 ಕಿಲೋಹರ್ಟ್ಸ್ ಆಗಿದ್ದರೆ ಸೆಕೆಂಡಿಗೆ 48,000 ಮಾದರಿಗಳು ದೊರೆಯುತ್ತವೆ. ದರದ ಅರ್ಧಕ್ಕಿಂತ, ಅಂದರೆ 24 ಕಿಲೋಹರ್ಟ್ಸ್‌ಗಿಂತ, ಕಡಿಮೆ ಆವರ್ತನಗಳನ್ನು ಮಾತ್ರ ಸರಿಯಾಗಿ ಗುರುತಿಸಬಹುದು. ಕಿವಿಗೆ ಕೇಳಿಸದ 46 ಕಿಲೋಹರ್ಟ್ಸ್ ಅಲೆಯೊಂದು ಒಳನುಗ್ಗಿದರೆ ಅದು 2 ಕಿಲೋಹರ್ಟ್ಸ್ ಆಗಿ ವೇಷ ಮರೆಸಿಕೊಂಡು ಸ್ಪಷ್ಟವಾಗಿ ಕೇಳಿಸತೊಡಗುತ್ತದೆ. ಒಮ್ಮೆ ಬೆರೆತ ಈ ಹುಸಿ ಸ್ವರವನ್ನು ಬಳಿಕ ಬೇರ್ಪಡಿಸಲು ಸಾಮಾನ್ಯವಾಗಿ ಸಾಧ್ಯವಿಲ್ಲ. ಆದುದರಿಂದ ಫಿಲ್ಟರನ್ನು ಅಳತೆಗೆ ಮೊದಲೇ ಇಡಬೇಕಾಗುತ್ತದೆ.

ಹುಸಿ ಸ್ವರವು ಸಾಧನದ ಒಳಗೂ ಹುಟ್ಟಬಲ್ಲದು. ಡಿಸ್ಟಾರ್ಷನ್ ಲೆಕ್ಕಾಚಾರವು 7 ಕಿಲೋಹರ್ಟ್ಸ್ ಸ್ವರಕ್ಕೆ 35 ಕಿಲೋಹರ್ಟ್ಸ್‌ನ ಐದನೆಯ ಗುಣಕವನ್ನು ಸೇರಿಸಿದರೆ, ಅದು ಮಡಚಿಕೊಂಡು 13 ಕಿಲೋಹರ್ಟ್ಸ್ ಆಗುತ್ತದೆ. ಮೂಲ ಸ್ವರದೊಂದಿಗೆ ಹೊಂದದ ಈ ಕರ್ಕಶತೆಯನ್ನು ತಗ್ಗಿಸಲು ಡಿಸ್ಟಾರ್ಷನ್ ಭಾಗವನ್ನು ಹೆಚ್ಚಿನ ಮಾದರಿ ದರದಲ್ಲಿ ನಡೆಸುವುದುಂಟು.

ಪ್ರತಿ ಬಿಟ್‌ಗೆ ಸುಮಾರು 6 ಡೆಸಿಬೆಲ್ ವ್ಯಾಪ್ತಿ ದೊರೆಯುವುದರಿಂದ 16 ಬಿಟ್‌ಗೆ ಸುಮಾರು 96 ಡೆಸಿಬೆಲ್ ಆಗುತ್ತದೆ. 24 ಬಿಟ್‌ನ ಸೈದ್ಧಾಂತಿಕ ವ್ಯಾಪ್ತಿಯನ್ನು ನೈಜ ಪರಿವರ್ತಕಗಳು ಮುಟ್ಟುವುದಿಲ್ಲ. ಮಂಡಲದ ಸ್ವಂತ ಗದ್ದಲವೇ ಅದಕ್ಕೆ ಅಡ್ಡಿ. ಡಿಜಿಟಲ್ ಧ್ವನಿಯನ್ನು ಮೆಟ್ಟಿಲುಗಳಂತೆ ಚಿತ್ರಿಸುವ ರೂಢಿ ದಾರಿತಪ್ಪಿಸುವಂಥದು: ಡಿಜಿಟಲ್-ಅನಲಾಗ್ ಪರಿವರ್ತಕದ (ಡಿಎಸಿ) ಫಿಲ್ಟರ್ ದಾಟಿದ ಅಲೆಯು ನಯವಾಗಿಯೇ ಇರುತ್ತದೆ.

ಸರಣಿ ಸಂವಹನ

ಪರಿವರ್ತಕದಿಂದ ಪ್ರೊಸೆಸರ್‌ಗೆ 24 ಬಿಟ್‌ಗಳನ್ನು 24 ತಂತಿಗಳಲ್ಲಿ ಒಯ್ಯುವ ಬದಲು ಒಂದೇ ತಂತಿಯಲ್ಲಿ ಒಂದರ ಹಿಂದೊಂದಾಗಿ ಕಳುಹಿಸುವುದೇ ಸರಣಿ ಸಂವಹನ. ಇದಕ್ಕೆ ಫಿಲಿಪ್ಸ್ ಸಂಸ್ಥೆ 1986ರಲ್ಲಿ ಪ್ರಕಟಿಸಿದ ಐ2ಎಸ್ ವಿಧಾನ ವ್ಯಾಪಕವಾಗಿ ಬಳಕೆಯಲ್ಲಿದೆ. ಇದರಲ್ಲಿ ಮೂರು ಗೆರೆಗಳಿವೆ. ಒಂದು ದತ್ತಾಂಶವನ್ನು ಒಯ್ಯುತ್ತದೆ, ಇನ್ನೊಂದು ಪ್ರತಿ ಬಿಟ್‌ಗೂ ತಾಳ ಹಾಕುತ್ತದೆ, ಮತ್ತೊಂದು ಈಗ ಬರುತ್ತಿರುವುದು ಎಡ ವಾಹಿನಿಯೋ ಬಲ ವಾಹಿನಿಯೋ ಎಂದು ತಿಳಿಸುತ್ತದೆ. ಅತಿ ಹೆಚ್ಚು ಮೌಲ್ಯದ ಬಿಟ್ ಮೊದಲು ಬರುತ್ತದೆ. ವಾಹಿನಿಗೆ 32 ಬಿಟ್‌ಗಳ ಸ್ಥಳವಿಟ್ಟರೆ 48 ಕಿಲೋಹರ್ಟ್ಸ್‌ನಲ್ಲಿ ಬಿಟ್ ತಾಳದ ವೇಗ 3.072 ಮೆಗಾಹರ್ಟ್ಸ್. ಪರಿವರ್ತಕದ ತಾಳ ಅಲುಗಿದರೆ ಸಂಖ್ಯೆ ಸರಿಯಿದ್ದರೂ ಅದು ತಪ್ಪು ಕ್ಷಣದ ಅಳತೆಯಾಗುತ್ತದೆ, ಧ್ವನಿ ಕೆಡುತ್ತದೆ.

ಪರಿವರ್ತಕದ ಹೊಂದಾಣಿಕೆಗಳಿಗೆ ಐ2ಸಿ ಅಥವಾ ಎಸ್‌ಪಿಐ ಎಂಬ ಪ್ರತ್ಯೇಕ ಸರಣಿ ಮಾರ್ಗಗಳಿರುತ್ತವೆ. 400 ಕಿಲೋಬಿಟ್ ವೇಗದ ಐ2ಸಿ ಮಾರ್ಗದಲ್ಲಿ ಸೆಕೆಂಡಿಗೆ 2.304 ಮೆಗಾಬಿಟ್ ಬೇಡುವ 24 ಬಿಟ್ ಸ್ಟೀರಿಯೊ ಧ್ವನಿ ಹಿಡಿಸದು. ಆದೇಶಗಳಿಗೆ ಮಾತ್ರ ಅಷ್ಟು ಧಾರಾಳ. ಹೊರಗಿನಿಂದ ಪರಿಣಾಮವನ್ನು ಬದಲಿಸಲು 1983ರಲ್ಲಿ ಬಳಕೆಗೆ ಬಂದ ಮಿಡಿ ಸಂಪರ್ಕವಿದೆ. ಅದರ ವೇಗ ಸೆಕೆಂಡಿಗೆ 31,250 ಬಿಟ್. ಪ್ರತ್ಯೇಕ ತಾಳದ ತಂತಿ ಅದಕ್ಕಿಲ್ಲ, ಪ್ರತಿ ಬೈಟ್‌ನ ಆದಿ-ಅಂತ್ಯಗಳಿಗೆ ಗುರುತಿನ ಬಿಟ್‌ಗಳಿರುತ್ತವೆ.

ವಿಳಂಬ

ಪ್ರೊಸೆಸರ್ ಸಾಮಾನ್ಯವಾಗಿ ಮಾದರಿಗಳನ್ನು ಕಂತುಗಳಾಗಿ ಸ್ವೀಕರಿಸುತ್ತದೆ. 48 ಕಿಲೋಹರ್ಟ್ಸ್‌ನಲ್ಲಿ 64 ಮಾದರಿಗಳ ಕಂತು ತುಂಬಲು ಸುಮಾರು 1.33 ಮಿಲಿಸೆಕೆಂಡ್ ಬೇಕು. ಹೊರಹೋಗುವ ಕಂತಿಗೂ ಅಷ್ಟೇ ಹಿಡಿಯುತ್ತದೆ. ಈ 2.67 ಮಿಲಿಸೆಕೆಂಡ್ ಎಂದರೆ ಧ್ವನಿವರ್ಧಕದಿಂದ ಇನ್ನೂ ಒಂದು ಮೀಟರಿಗೆ ತುಸು ಕಡಿಮೆ ದೂರ ಸರಿದು ಕೇಳಿದಂತೆ. ಕಂತನ್ನು ಕಿರಿದುಗೊಳಿಸಿದರೆ ಈ ಅಂತರ ತಗ್ಗುತ್ತದೆ, ಆದರೆ ಲೆಕ್ಕಾಚಾರ ಮುಗಿಸಲು ದೊರೆಯುವ ಅವಧಿಯೂ ಅಷ್ಟೇ ಕುಗ್ಗುತ್ತದೆ. ಅದು ಅವಧಿ ಮೀರಿದಾಗ ಧ್ವನಿಯಲ್ಲಿ ಚಟಪಟ ಸದ್ದು ಕೇಳಿಸುತ್ತದೆ.