ನೆಲದಿಂದ ಒಂದು ಗೇಣು

ಕಾರು ಕೊಳ್ಳುವ ಮಾತು ಹುಟ್ಟಿದೊಡನೆ ಮನೆಮಂದಿಯೆಲ್ಲ ವಾಹನಶಾಸ್ತ್ರದ ಪಂಡಿತರಾಗಿಬಿಡುವುದು ಲೋಕರೂಢಿ. ಯಜಮಾನನಿಗೆ ಮೈಲೇಜಿನ ಚಿಂತೆ. ಗೃಹಿಣಿಗೆ ತಿಂಗಳ ಕಂತಿನ ಚಿಂತೆ. ಮಕ್ಕಳಿಗೆ ಛಾವಣಿಯಲ್ಲಿ ತೆರೆಯುವ ಗಾಜು ಉಂಟೋ ಇಲ್ಲವೋ ಎಂಬುದೇ ಪರಮ ಪ್ರಶ್ನೆ. ಈ ಗದ್ದಲದ ನಡುವೆ ಮೂಲೆಯ ಕುರ್ಚಿಯಿಂದ ಅಜ್ಜಿ ಮೆಲ್ಲನೆ ಒಂದು ಮಾತು ಸೇರಿಸುತ್ತಾಳೆ: “ನನಗೆ ಹತ್ತೋಕೆ ಇಳಿಯೋಕೆ ಆದರೆ ಸಾಕಪ್ಪ, ಇನ್ನೇನೂ ಬೇಡ.” ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಮಧ್ಯಮ ವರ್ಗದ ಮನೆಗಳ ಮುಂದೆ ಬಂದು ನಿಂತಿರುವ ಗಾಡಿಗಳನ್ನು ನೋಡಿದರೆ, ವಾದದಲ್ಲಿ ಗೆದ್ದವಳು ಅಜ್ಜಿಯೇ ಎನ್ನಬೇಕು.

ಈ ಗಾಡಿಗೆ ‘ಕ್ರಾಸ್‌ಓವರ್’ ಎಂದು ಹೆಸರು. ಜನ ಮಾತ್ರ ಅದನ್ನು ‘ಎಸ್‌ಯುವಿ’ ಎಂದು ಕರೆದು ಮುಗಿಸುತ್ತಾರೆ. ಆದರೆ ಇವೆರಡರಲ್ಲಿ ಕುಲಭೇದವುಂಟು. ಹಳೆಯ ಜೀಪಿನ ಕುಲಕ್ಕೆ ಸೇರಿದವು ಲಾರಿಯ ಹಾಗೆ ಉಕ್ಕಿನ ಚಾಸಿಯ ಮೇಲೆ ಮೈಯನ್ನು ಕೂರಿಸಿ ಮಾಡಿದ ಗಾಡಿಗಳು. ಕ್ರಾಸ್‌ಓವರಿಗೆ ಆ ಪ್ರತ್ಯೇಕ ಚಾಸಿ ಇಲ್ಲ. ಸಾಮಾನ್ಯ ಕಾರಿನಂತೆ ಮೈಯೇ ಅದರ ಬೆನ್ನೆಲುಬು. ಕಾರಿನ ಒಡಲಿಗೆ ಜೀಪಿನ ನಿಲುವನ್ನು ಕೊಟ್ಟ ಮಿಶ್ರತಳಿಯೆಂದರೆ ಸರಿಯಾದೀತು. 1994ರಲ್ಲಿ ಜಪಾನಿನ ಟೊಯೋಟಾ ಸಂಸ್ಥೆ ಹೊರತಂದ ‘ರಾವ್-4’ ಈ ಪಂಗಡದ ಹಿರಿಯರಲ್ಲೊಂದು. ಭಾರತದಲ್ಲಿ 2012ರ ರೆನೋ ಡಸ್ಟರ್, 2013ರ ಫೋರ್ಡ್ ಇಕೋಸ್ಪೋರ್ಟ್, 2015ರ ಹ್ಯುಂಡೈ ಕ್ರೆಟಾ, 2016ರ ಮಾರುತಿ ವಿಟಾರಾ ಬ್ರೆಝಾ, 2017ರ ಟಾಟಾ ನೆಕ್ಸಾನ್, ಹೀಗೆ ಐದೇ ವರ್ಷಗಳಲ್ಲಿ ಒಂದರ ಬೆನ್ನಿಗೆ ಒಂದು ಬಂದವು. ನಡುವೆ, 2014ರಲ್ಲಿ, ಅಂಬಾಸಡರ್ ಮತ್ತು ಮಾರುತಿ 800 ಎರಡರ ತಯಾರಿಕೆಯೂ ನಿಂತುಹೋಯಿತು. ಒಂದು ಪೀಳಿಗೆಯ ಗಾಡಿಗಳು ತೆರೆಮರೆಗೆ ಸರಿಯುವ ಹೊತ್ತಿಗೆ ಇನ್ನೊಂದು ರಂಗಕ್ಕೆ ಬಂದಿತ್ತು.

ಇವುಗಳ ಉದ್ದವನ್ನು ನಿಶ್ಚಯಿಸಿದವರು ಎಂಜಿನಿಯರರೇ ಎಂದು ಯಾರಾದರೂ ತಿಳಿದಿದ್ದರೆ ಅದು ಪೂರ್ತಿ ನಿಜವಲ್ಲ. ಅರ್ಧ ಪಾಲು ಅರ್ಥಸಚಿವರದು. 2006ರ ಆಯವ್ಯಯದಲ್ಲಿ ನಾಲ್ಕು ಮೀಟರು ಮೀರದ ಸಣ್ಣ ಎಂಜಿನ್ನಿನ ಕಾರುಗಳಿಗೆ ಅಬಕಾರಿ ಸುಂಕವನ್ನು 24ರಿಂದ 16 ಶೇಕಡಕ್ಕೆ ಇಳಿಸಿದರು. ಅಂದಿನಿಂದ ತಯಾರಕರು ಗಾಡಿಯನ್ನು ಆ ಗೆರೆಯೊಳಗೆ ಅಡಗಿಸುವ ವಿದ್ಯೆಯನ್ನು ಕಲಿತರು. ಬ್ರೆಝಾದ ಉದ್ದ 3995 ಮಿಲಿಮೀಟರು. ಗೆರೆಗೆ ಐದೇ ಮಿಲಿಮೀಟರು ಬಾಕಿ! ಸುಂಕ ಹೋಗಿ ಜಿಎಸ್‌ಟಿ ಬಂದರೂ ಗೆರೆ ಹೋಗಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಗೆರೆಯೊಳಗಿನ ಸಣ್ಣ ಎಂಜಿನ್ನಿನ ಗಾಡಿಗೆ 18 ಶೇಕಡ, ಹೊರಗಿನದಕ್ಕೆ 40.

ಈ ಕತ್ತರಿಯ ಏಟು ಬಿದ್ದದ್ದು ಡಿಕ್ಕಿಯ ಮೇಲೆ. ಊರಿಗೆ ಹೋಗುವಾಗ ಅದರ ಸಣ್ಣತನ ತಿಳಿಯುವುದಿಲ್ಲ. ಎರಡು ಪೆಟ್ಟಿಗೆ, ಒಂದು ಬುಟ್ಟಿ, ಅಷ್ಟೇ. ಊರಿನಿಂದ ಹಿಂದಿರುಗುವಾಗ ಅಕ್ಕಿಯ ಚೀಲ, ಮೂವತ್ತು ತೆಂಗಿನಕಾಯಿ, ಒಂದು ಹಲಸಿನಹಣ್ಣು, ಅತ್ತೆ ಕೊಟ್ಟ ಮಾವಿನಮಿಡಿ ಉಪ್ಪಿನಕಾಯಿಯ ಜಾಡಿ ಇವೆಲ್ಲ ಸೇರಿದಾಗಲೇ ಅದರ ನಿಜವಾದ ಅಳತೆ ಗೊತ್ತಾಗುವುದು. ಸ್ಟೆಪ್ನಿಯನ್ನು ಡಿಕ್ಕಿಯ ನೆಲದಡಿಯಲ್ಲಿ ಇಟ್ಟಿರುತ್ತಾರೆ. ರಾತ್ರಿ ಒಂಬತ್ತರ ಹೊತ್ತಿಗೆ ದಾರಿಯಲ್ಲಿ ಟೈರು ಪಂಕ್ಚರಾದರೆ ಮೂವತ್ತು ಕಾಯಿಗಳೂ ರಸ್ತೆಯ ಬದಿಗೆ ಇಳಿಯಬೇಕು. ಹೊರಡುವ ಮುನ್ನ ನಾಲ್ಕು ಟೈರುಗಳ ಜೊತೆಗೆ ಸ್ಟೆಪ್ನಿಯ ಗಾಳಿಯನ್ನೂ ನೋಡಿಸುವವರು ನೂರಕ್ಕೆ ಎಷ್ಟು ಮಂದಿಯೋ!

ಅಜ್ಜಿಯ ವಿಷಯಕ್ಕೆ ಬರೋಣ. ಮೊಣಕಾಲು ನೋವಿರುವವರಿಗೆ ತಗ್ಗಿನ ಕಾರೆಂದರೆ ಬಾವಿಗೆ ಇಳಿದಂತೆ; ಕೂರುವಾಗ ಧೊಪ್ಪನೆ ಬೀಳಬೇಕು, ಏಳುವಾಗ ಇಬ್ಬರು ಕೈ ಹಿಡಿದು ಎಳೆಯಬೇಕು. ಜೀಪಿನ ಜಾತಿಯ ಗಾಡಿಗೆ ಮೆಟ್ಟಿಲು ಹತ್ತಬೇಕು; ಸೀರೆ ಉಟ್ಟವರಿಗೆ ಅದೂ ಕಷ್ಟ. ಕ್ರಾಸ್‌ಓವರಿನ ಆಸನವಾದರೋ ಹೆಚ್ಚುಕಡಿಮೆ ಮನೆಯ ಕುರ್ಚಿಯ ಎತ್ತರಕ್ಕೆ ಬರುತ್ತದೆ. ಮೊದಲು ಆಸನದ ಅಂಚಿಗೆ ಕುಳಿತು, ಆಮೇಲೆ ಕಾಲುಗಳನ್ನು ಒಳಗೆ ತಿರುಗಿಸಿಕೊಂಡರೆ ಮುಗಿಯಿತು. ಮಗನ ಕಾರು ತಗ್ಗಾದುದರಿಂದ ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟಿದ್ದ ಹಿರಿಯರು ಗಾಡಿ ಬದಲಾದ ಮೇಲೆ ಮತ್ತೆ ಹೊರಟ ಮನೆಗಳು ಹಲವಾರಿವೆ. ಬೇರೆ ಯಾವ ಗುಣವೂ ಇಲ್ಲದಿದ್ದರೂ ಈ ಒಂದಕ್ಕಾಗಿ ಆ ಗಾಡಿಯನ್ನು ಮೆಚ್ಚಬಹುದು.

ಗಾಡಿಯ ಹೊಟ್ಟೆಗೂ ನೆಲಕ್ಕೂ ನಡುವಣ ಅಂತರ ಈ ವರ್ಗದಲ್ಲಿ ಸುಮಾರು 190ರಿಂದ 210 ಮಿಲಿಮೀಟರು, ಅಂದರೆ ಒಂದು ಗೇಣಿನಷ್ಟು. ಸಾಮಾನ್ಯ ಸೆಡಾನಿಗೆ 165-170. ಇಂಡಿಯನ್ ರೋಡ್ಸ್ ಕಾಂಗ್ರೆಸ್ ವಿಧಿಸಿದ ಪ್ರಕಾರ ಹಂಪಿನ ಎತ್ತರ 10 ಸೆಂಟಿಮೀಟರು, ಅಗಲ 3.7 ಮೀಟರು ಇರಬೇಕು. ಆ ಪುಸ್ತಕವನ್ನು ಓದದ ಪುಣ್ಯಾತ್ಮರು ಬಡಾವಣೆಗಳಲ್ಲಿ ರಾತ್ರೋರಾತ್ರಿ ಕಟ್ಟಿದ ಹಂಪುಗಳ ಮೇಲೆ ಸೆಡಾನಿನ ಹೊಟ್ಟೆ ಕರಕರನೆ ಉಜ್ಜಿದ ಸದ್ದನ್ನು ಕೇಳದವರಿಲ್ಲ. ಎರಡು ಅಂಗುಲಕ್ಕಿಂತ ಕಡಿಮೆಯ ಈ ವ್ಯತ್ಯಾಸವೇ ಎಷ್ಟೋ ಮನೆಗಳಲ್ಲಿ ತೀರ್ಮಾನವನ್ನು ಮಾಡಿದೆ. ಆದರೆ ಪಟ್ಟಿಯಲ್ಲಿರುವುದು ಅನೇಕ ಬಾರಿ ಖಾಲಿ ಗಾಡಿಯ ಲೆಕ್ಕ. ಐದು ಮಂದಿ ಕುಳಿತು, ಡಿಕ್ಕಿಗೆ ಅಕ್ಕಿ ಬಿದ್ದ ಮೇಲೆ ಗೇಣು ಅಷ್ಟಿಷ್ಟು ಕುಗ್ಗುತ್ತದೆ.

ಎತ್ತರದಲ್ಲಿ ಕುಳಿತವರಿಗೆ ಇನ್ನೊಂದು ಲಾಭವೂ ಉಂಟು, ಅದೇ ನಷ್ಟವೂ ಹೌದು. ದಾರಿ ದೂರದವರೆಗೆ ಕಾಣುತ್ತದೆ. ಸುತ್ತಲಿನ ಸ್ಕೂಟರು, ಆಟೋಗಳು ಕೆಳಗೆಲ್ಲೋ ಹರಿದಾಡುವಂತೆ ತೋರುತ್ತವೆ. ‘ದೊಡ್ಡ ಗಾಡಿ, ನಮಗೇನೂ ಆಗದು’ ಎಂಬ ಭಾವನೆ ಮನಸ್ಸಿಗೆ ತಾನಾಗಿಯೇ ಬಂದು ಕೂರುತ್ತದೆ. ಗಾಡಿ ಗಟ್ಟಿಯಾಗಿಲ್ಲವೆಂದಲ್ಲ. 2018ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಡಿಕ್ಕಿ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ಐದು ನಕ್ಷತ್ರ ಪಡೆದ ಮೊದಲ ಭಾರತೀಯ ಕಾರು ನೆಕ್ಸಾನೇ. 2023ರ ಅಕ್ಟೋಬರ್ 1ರಿಂದ ನಮ್ಮ ದೇಶದ್ದೇ ಆದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯೂ ಆರಂಭವಾಗಿದೆ. ಆದರೆ ಆ ನಕ್ಷತ್ರಗಳು ದೊರೆತದ್ದು ಸೀಟ್ ಬೆಲ್ಟ್ ಕಟ್ಟಿಕೊಂಡು ಕುಳಿತ ಗೊಂಬೆಗಳಿಗೆ. ಮಕ್ಕಳ ಗೊಂಬೆಗಳನ್ನು ಮಕ್ಕಳಿಗೆಂದೇ ಮಾಡಿದ ಆಸನದಲ್ಲಿ ಬಿಗಿದಿರುತ್ತಾರೆ.

ನಮ್ಮ ಮನೆಗಳಲ್ಲಿ ನಡೆಯುವುದೇನು? ಮುಂದೆ ಕುಳಿತವರು ಪೊಲೀಸರ ದಂಡಕ್ಕೆ ಹೆದರಿ ಬೆಲ್ಟ್ ಕಟ್ಟುತ್ತಾರೆ. ಹಿಂದಿನ ಆಸನದಲ್ಲಿ ಬೆಲ್ಟಿನ ಕೊಂಡಿ ದಿಂಬುಗಳ ನಡುವೆ ಹೂತುಹೋಗಿರುತ್ತದೆ. ಮಗು ತಾಯಿಯ ಮಡಿಲಲ್ಲಿ, ಇನ್ನೊಂದು ಮಗು ಎರಡು ಮುಂದಿನ ಆಸನಗಳ ನಡುವೆ ತಲೆ ತೂರಿಸಿ ನಿಂತಿರುತ್ತದೆ. ಮಡಿಲೇ ಮಗುವಿಗೆ ಕ್ಷೇಮವಾದ ಸ್ಥಳವೆಂಬುದು ಎತ್ತಿನಗಾಡಿಯ ಕಾಲದಿಂದ ಬಂದ ನಂಬಿಕೆ. ಗಂಟೆಗೆ ಐವತ್ತು ಕಿಲೋಮೀಟರು ವೇಗದ ಗಾಡಿ ಎದುರಿನದಕ್ಕೆ ಬಡಿದು ನಿಂತಾಗ ಹತ್ತು ಕಿಲೋ ತೂಕದ ಮಗು ಮುನ್ನೂರು ಕಿಲೋ ಭಾರದಂತೆ ಮುಂದಕ್ಕೆ ಚಿಮ್ಮುತ್ತದೆ. ಎಂಥ ತಾಯಿಯ ತೋಳೂ ಅದನ್ನು ಹಿಡಿಯಲಾರದು; ಇದು ಪ್ರೀತಿಯ ಮಾತಲ್ಲ, ಗಣಿತದ ಮಾತು.

2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯಿದೆಯ ಪ್ರಕಾರ ಹದಿನಾಲ್ಕು ವರ್ಷದೊಳಗಿನ ಮಗುವನ್ನು ಬೆಲ್ಟಿನಿಂದಲೋ ಮಕ್ಕಳ ಆಸನದಿಂದಲೋ ಭದ್ರಪಡಿಸದೆ ಕರೆದೊಯ್ದರೆ ಸಾವಿರ ರೂಪಾಯಿ ದಂಡ. 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿಯವರು ಅಹಮದಾಬಾದ್–ಮುಂಬಯಿ ಹೆದ್ದಾರಿಯಲ್ಲಿ ತೀರಿಕೊಂಡಾಗ, ಅವರು ಹಿಂದಿನ ಆಸನದಲ್ಲಿ ಬೆಲ್ಟ್ ಕಟ್ಟದೆ ಕುಳಿತಿದ್ದರೆಂದು ಪೊಲೀಸರು ತಿಳಿಸಿದರು. ಅವರಿದ್ದ ಕಾರು ಬಹಳ ಬೆಲೆಬಾಳುವಂಥದು. ಕೆಲವು ದಿನ ಊರೆಲ್ಲ ಹಿಂದಿನ ಬೆಲ್ಟಿನ ಮಾತೇ ಆಯಿತು. ಮುಂದಿನ ವರ್ಷ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಐದು ಅಂತರಜಾಲ ಮಾರಾಟ ಸಂಸ್ಥೆಗಳಿಗೆ ಒಂದು ವಿಚಿತ್ರ ಸರಕನ್ನು ಮಾರಬಾರದೆಂದು ಆಜ್ಞೆ ಮಾಡಬೇಕಾಯಿತು. ಬೆಲ್ಟ್ ಕಟ್ಟದಿದ್ದರೆ ಗಾಡಿ ಕೂಗುತ್ತದಷ್ಟೆ? ಆ ಕೂಗನ್ನು ಅಡಗಿಸಲು ಬೆಲ್ಟಿನ ಗೂಡಿಗೆ ಚುಚ್ಚಿಡುವ ಖಾಲಿ ಕೊಂಡಿ ಅದು. ಲಕ್ಷಗಟ್ಟಲೆ ಕೊಟ್ಟು ರಕ್ಷಣೆಯನ್ನು ಕೊಂಡು, ಅದರ ಬಾಯಿ ಮುಚ್ಚಿಸಲು ಮತ್ತೆ ದುಡ್ಡು ತೆರುವ ಗಿರಾಕಿ ಬೇರೆ ಯಾವ ಅಂಗಡಿಯಲ್ಲೂ ಸಿಗಲಾರ.

ಎತ್ತರದ ಭ್ರಮೆ ಅತ್ಯಂತ ಅಪಾಯಕ್ಕೆ ಒಯ್ಯುವುದು ನೀರಿನಲ್ಲಿ. ಮಳೆಗಾಲದ ಸಂಜೆ ಕೆಳಸೇತುವೆಯಲ್ಲಿ ನೀರು ನಿಂತಿರುತ್ತದೆ. ಮುಂದೆ ಸ್ಕೂಟರಿನವರು ನಿಂತಿರುತ್ತಾರೆ. ‘ನಮ್ಮದು ಎತ್ತರದ ಗಾಡಿ’ ಎಂದು ಯಜಮಾನ ಮುಂದೆ ಬಿಡುತ್ತಾನೆ. ಎಂಜಿನ್ನು ಉಸಿರಾಡುವ ಗಾಳಿಯ ಕೊಳವೆಯ ಬಾಯಿ ಸಾಮಾನ್ಯವಾಗಿ ಬಾನೆಟ್ಟಿನ ಮುಂಭಾಗದಲ್ಲಿರುತ್ತದೆ. ಗಾಡಿಯೇ ಎಬ್ಬಿಸಿದ ಅಲೆ ಅಲ್ಲಿಗೆ ಮುಟ್ಟಿದರೆ ಗಾಳಿಯ ಬದಲು ನೀರು ಸಿಲಿಂಡರಿಗೆ ಹೋಗುತ್ತದೆ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಮೇಲೇರುವ ಪಿಸ್ಟನ್ನಿಗೆ ನೀರು ಬಂಡೆಯಾಗಿ ಒಳಗಿನ ಕನೆಕ್ಟಿಂಗ್ ರಾಡು ಬಾಗಿಹೋಗುತ್ತದೆ. ಗಾಡಿ ನೀರಿನಲ್ಲಿ ನಿಂತೊಡನೆ ಎಲ್ಲರೂ ಮಾಡುವ ಕೆಲಸವೆಂದರೆ ಮತ್ತೆ ಮತ್ತೆ ಸ್ಟಾರ್ಟ್ ಮಾಡಲು ನೋಡುವುದು. ಅದನ್ನೇ ಮಾಡಬಾರದು. ಗಾಡಿಯನ್ನು ತಳ್ಳಿಸಿ, ಎಳೆಸಿ, ಮೆಕ್ಯಾನಿಕ್ಕಿಗೆ ಒಪ್ಪಿಸಬೇಕು. ನಿಂತ ಎಂಜಿನ್ನನ್ನು ನೀರಿನಲ್ಲಿ ಸ್ಟಾರ್ಟ್ ಮಾಡಿ ಕೆಡಿಸಿದ ನಷ್ಟವನ್ನು ಸಾಮಾನ್ಯ ವಿಮೆ ಕೊಡುವುದಿಲ್ಲ. ಎಂಜಿನ್ ರಕ್ಷಣೆಯ ಸೇರ್ಪಡೆಯನ್ನು ಪ್ರತ್ಯೇಕವಾಗಿ ಕೊಂಡಿರಬೇಕು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರುಗಳು ಮುಳುಗಿದಾಗ ಈ ಪಾಠವನ್ನು ಕಲಿತ ಕುಟುಂಬಗಳು ಅನೇಕ.

ಎಂಜಿನ್ನು ಹೋದರೆ ಹೋಗಲಿ. ಸುಮಾರು ಒಂದು ಅಡಿ ಆಳದ ಹರಿಯುವ ನೀರು ಸಣ್ಣ ಕಾರನ್ನು ತೇಲಿಸಲು ಸಾಕು. ಗಾಡಿ ಕೊಂಚ ಎತ್ತರವಾದರೆ ನೀರೂ ಕೊಂಚ ಹೆಚ್ಚು ಬೇಕು, ಅಷ್ಟೇ ವ್ಯತ್ಯಾಸ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ತುಂಬಿದ ಮಳೆನೀರಿಗೆ ಒಂದು ಬಾಡಿಗೆ ಕಾರು ಸಿಕ್ಕಿ, ಊರು ನೋಡಲು ಕುಟುಂಬದೊಡನೆ ಹೊರಟಿದ್ದ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡಳು. ಅಂಥ ಸ್ಥಳದಲ್ಲಿ ಕಾಲು ಗಂಟೆ ಕಾಯುವುದು ಅವಮಾನವೇನಲ್ಲ.

ಘಟ್ಟದ ದಾರಿಯಲ್ಲಿಯೂ ಇಂಥದೇ ಒಂದು ತಪ್ಪು ತಿಳಿವಳಿಕೆಯುಂಟು. ನೋಟಕ್ಕೆ ಜೀಪಿನಂತಿದ್ದರೂ ಈ ಗಾಡಿಗಳಲ್ಲಿ ಬಹುಪಾಲಿನವಕ್ಕೆ ಮುಂದಿನ ಎರಡು ಚಕ್ರಗಳಿಗೆ ಮಾತ್ರ ಎಂಜಿನ್ನಿನ ಬಲ. ಚಿಕ್ಕಮಗಳೂರಿನ ಕಾಫಿ ತೋಟದ ನೆಂಟರ ಮನೆಗೆ ಜುಲೈ ತಿಂಗಳಲ್ಲಿ ಹೊರಟವರು ಕೆಂಪು ಜೇಡಿಯ ಏರಿನಲ್ಲಿ ಚಕ್ರ ಸುಮ್ಮನೆ ತಿರುಗುವುದನ್ನು ನೋಡುತ್ತ ನಿಲ್ಲಬೇಕಾದೀತು. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಇಳಿಯುವಾಗ ಬ್ರೇಕೊಂದನ್ನೇ ನಂಬದೆ ಎರಡನೆಯ ಗೇರಿನಲ್ಲಿ ಎಂಜಿನ್ನಿಗೇ ತಡೆಯುವ ಕೆಲಸ ಕೊಡಬೇಕು. ಎತ್ತರದ ಮೈ ತಿರುವಿನಲ್ಲಿ ಸೆಡಾನಿಗಿಂತ ಹೆಚ್ಚು ವಾಲುತ್ತದೆ. ಹಿಂದೆ ಕುಳಿತ ಮಕ್ಕಳಿಗೆ ವಾಂತಿಯೂ ಬೇಗ.

ಇನ್ನು ಖರ್ಚು. ಪ್ರಕಟಣೆಯಲ್ಲಿ ಲೀಟರಿಗೆ ಹದಿನೆಂಟೆಂದು ಇದ್ದದ್ದು ಪ್ರಯೋಗಶಾಲೆಯ ಉರುಳೆಗಳ ಮೇಲೆ ಓಡಿಸಿ ಪಡೆದ ಲೆಕ್ಕ. ಸಿಲ್ಕ್ ಬೋರ್ಡ್ ಕೂಡುರಸ್ತೆಯಲ್ಲಿ ದಿನಾ ನಿಲ್ಲುವವರಿಗೆ ಅದು ಹನ್ನೊಂದಕ್ಕೆ ಇಳಿಯುವುದು ಅಪರೂಪವಲ್ಲ. ಹೆದ್ದಾರಿಯಲ್ಲಿ ಎತ್ತರದ ಮೈ ಗಾಳಿಗೆ ಗೋಡೆಯಂತೆ ಎದುರಾಗುತ್ತದೆ. 90ರ ಬದಲು 120ರ ವೇಗದಲ್ಲಿ ಹೋದರೆ ಗಾಳಿಯ ತಡೆ ಒಂದೂಮುಕ್ಕಾಲು ಪಟ್ಟು. ಡೀಸೆಲ್ಲು ಅಗ್ಗವೆಂದು ಅದನ್ನು ಆರಿಸಿದವರಿಗೆ ಬೇರೊಂದು ಸಂಕಟ. 2020ರ ಏಪ್ರಿಲ್‌ನಿಂದ ಬಂದ ಭಾರತ್ ಹಂತ 6ರ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಜರಡಿಯುಂಟು. ಮಸಿ ಸುಟ್ಟುಹೋಗಬೇಕಾದರೆ ಎಂಜಿನ್ನು ಚೆನ್ನಾಗಿ ಕಾದು ಒಂದಿಷ್ಟು ಹೊತ್ತು ಬಿರುಸಾಗಿ ಓಡಬೇಕು. ದಿನವೂ ಮಕ್ಕಳ ಶಾಲೆಗೆ, ತರಕಾರಿ ಪೇಟೆಗೆ ಎರಡೆರಡು ಕಿಲೋಮೀಟರು ಮಾತ್ರ ಓಡುವ ಗಾಡಿಯಲ್ಲಿ ಜರಡಿ ಕಟ್ಟಿಕೊಂಡು ಎಚ್ಚರಿಕೆಯ ದೀಪ ಉರಿಯುತ್ತದೆ. ಊರೊಳಗಷ್ಟೇ ಓಡಾಡುವವರಿಗೆ ಪೆಟ್ರೋಲೇ ಸರಿ. ಅಂಗಡಿಯವರು ಇದನ್ನು ತಾವಾಗಿ ಹೇಳುವುದು ಕಡಿಮೆ.

ನಿಲ್ಲಿಸುವ ಸ್ಥಳದ ಮಾತನ್ನು ಬಿಟ್ಟರೆ ವಾಚಕರು ಕ್ಷಮಿಸಲಾರರು. ಮೂವತ್ತು-ನಲವತ್ತರ ನಿವೇಶನದಲ್ಲಿ ಸ್ಕೂಟರಿಗೆಂದು ಕಟ್ಟಿಸಿದ ಗೇಟಿನೊಳಗೆ ಆರಡಿ ಅಗಲದ ಗಾಡಿಯನ್ನು ನುಗ್ಗಿಸುವುದು ದಿನನಿತ್ಯದ ಸರ್ಕಸ್ಸು. ಹೊಸ ಗಾಡಿ ಬರುವ ಮುನ್ನ ಟೇಪು ಹಿಡಿದು ಗೇಟನ್ನು ಅಳೆದವರು ಜಾಣರು. ಎತ್ತರದ ಬಾನೆಟ್ಟಿನ ಮುಂದೆ ಮೂರು ವರ್ಷದ ಮಗು ನಿಂತಿದ್ದರೆ ಚಾಲಕನಿಗೆ ಕಾಣದೆ ಹೋಗಬಹುದು. 2019ರ ಜುಲೈಯಿಂದ ಹಿಂದಕ್ಕೆ ಚಲಿಸುವಾಗ ಎಚ್ಚರಿಸುವ ಸಂವೇದಕ ಕಡ್ಡಾಯವಾಗಿದೆ, ಮುಂದಕ್ಕಲ್ಲ. ಕೀಲಿ ತಿರುಗಿಸುವ ಮೊದಲು ಗಾಡಿಗೆ ಒಂದು ಸುತ್ತು ಬರುವ ಅಭ್ಯಾಸ ಲಾರಿ ಚಾಲಕರಲ್ಲಿ ಉಂಟು. ಆಯುಧಪೂಜೆಯ ದಿನ ನಿಂಬೆಹಣ್ಣು ಇಡಲು ಎಲ್ಲರೂ ಸುತ್ತು ಬರುತ್ತಾರೆ, ಮಿಕ್ಕ ದಿನಗಳಲ್ಲಿ ಇಲ್ಲ.

ಕೆಲವು ವರ್ಷಗಳಾದ ಮೇಲೆ ಮಾರುವ ಯೋಚನೆ ಬರುತ್ತದೆ. ಫೋರ್ಡ್ ಸಂಸ್ಥೆ 2021ರ ಸೆಪ್ಟೆಂಬರಿನಲ್ಲಿ ಭಾರತದ ತಯಾರಿಕೆಯನ್ನು ನಿಲ್ಲಿಸುವುದಾಗಿ ಸಾರಿದಾಗ ಇಕೋಸ್ಪೋರ್ಟಿನ ಒಡೆಯರು ಬಿಡಿಭಾಗಗಳ ಚಿಂತೆಯಲ್ಲಿ ಬಿದ್ದದ್ದನ್ನು ನೆನೆದು, ಜನ ಈಗ ಗಾಡಿಯ ಜೊತೆಗೆ ಕಂಪೆನಿಯ ಆಯುಷ್ಯವನ್ನೂ ವಿಚಾರಿಸುತ್ತಾರೆ. ಮಾರುವವರು ಮರೆಯುವ ವಿಷಯ ಇನ್ನೊಂದಿದೆ. ಒಂದು ವರ್ಷ ವಿಮೆಯ ಹಣ ಕೇಳದಿದ್ದವರಿಗೆ ಸ್ವಂತ ಹಾನಿಯ ಕಂತಿನಲ್ಲಿ 20 ಶೇಕಡ ರಿಯಾಯಿತಿ. ಐದು ವರ್ಷ ಕೇಳದಿದ್ದರೆ ಅದು 50ಕ್ಕೆ ಏರುತ್ತದೆ. ಈ ರಿಯಾಯಿತಿ ಗಾಡಿಯದಲ್ಲ, ಒಡೆಯನದು. ಹಳೆಯ ಗಾಡಿಯನ್ನು ಕೊಟ್ಟು ಹೊಸದನ್ನು ತರುವಾಗ ವಿಮಾ ಕಂಪೆನಿಯಿಂದ ಅದರ ಪತ್ರವನ್ನು ಕೇಳಿ ಪಡೆದರೆ ಹೊಸ ಗಾಡಿಯ ಮೊದಲ ವರ್ಷದ ಕಂತಿನಲ್ಲಿಯೇ ಸಾವಿರಾರು ರೂಪಾಯಿ ಉಳಿಯುತ್ತದೆ.